ಗುಂಡಿಯಿಂದ ಮೇಲೆ ಬಂದ ಆರ್ಕೆಸ್ಟ್ರಾ: ಕನ್ಸರ್ಟ್ ಹಾಲಿನಲ್ಲಿ ಒಪೆರಾ ಮಾಡಿದರೆ ಉಳಿಯುವುದೇನು, ಹೋಗುವುದೇನು?

ಮೊದಲಿಗೆ ಏನೂ ಕೇಳಿಸುವುದಿಲ್ಲ. ಡಬಲ್ ಬಾಸ್ ನುಡಿಸುವವರ ಕೈ ಆಡುವುದು ಮಾತ್ರ ಕಾಣುತ್ತದೆ. ಆಮೇಲೆ ನೆಲದೊಳಗಿಂದ ಬಂದ ಹಾಗೆ ಒಂದು ತಗ್ಗು ಸ್ವರ. ತಂಬೂರಿ ಶ್ರುತಿಗೆ ಒಗ್ಗಿದ ಕಿವಿಗೆ ಇದೇನು ತೀರಾ ಹೊಸದಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಒಬ್ಬ ಹಾರ್ನ್ ವಾದಕ ವಾದ್ಯ ಎತ್ತಿ ತುಟಿಗಿಡುತ್ತಾನೆ. ಪಕ್ಕದವಳು ಇನ್ನೂ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಾಳೆ. ನಾಲ್ಕು ಎಣಿಸುವಷ್ಟರಲ್ಲಿ ಅವಳೂ ಎತ್ತುತ್ತಾಳೆ. ಆಮೇಲೆ ಮೂರನೆಯವರು, ನಾಲ್ಕನೆಯವರು. ಹೀಗೆ ಎಂಟು ಹಾರ್ನ್‌ಗಳು ಒಂದರ ಬಾಲ ಹಿಡಿದು ಇನ್ನೊಂದು ಏಳುತ್ತವೆ. ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನೀರು ಹರಿದ ಹಾಗೆ ಕಾಣುತ್ತದೆ.

ಇದು ಜರ್ಮನ್ ಸಂಗೀತಗಾರ ವಾಗ್ನರನ 'ದಾಸ್ ರೈನ್‌ಗೋಲ್ಡ್' ಒಪೆರಾದ ಆರಂಭ. 136 ಬಾರ್‌ಗಳ ಉದ್ದಕ್ಕೂ, ಅಂದರೆ ಸುಮಾರು ನಾಲ್ಕು ನಿಮಿಷ, ಸಂಗೀತ ಇ-ಫ್ಲಾಟ್ ಎಂಬ ಶ್ರುತಿ ಬಿಟ್ಟು ಅಲ್ಲಾಡುವುದಿಲ್ಲ. ರೈನ್ ನದಿಯ ತಳವನ್ನು ವಾಗ್ನರ್ ತೋರಿಸುತ್ತಿರುವ ರೀತಿ ಅದು.

ತಮಾಷೆ ಏನೆಂದರೆ, ಈ ಹಾರ್ನ್ ವಾದಕರನ್ನು ನಾವು ನೋಡುವುದೇ ವಾಗ್ನರನಿಗೆ ಬೇಕಿರಲಿಲ್ಲ. ಜರ್ಮನಿಯ ಬೈರಾಯ್ಟ್‌ನಲ್ಲಿ ತನ್ನ ಕೃತಿಗಳಿಗೆಂದೇ ಅವನು ಕಟ್ಟಿಸಿದ ರಂಗಮಂದಿರ 1876ರಲ್ಲಿ ಶುರುವಾಯಿತು. ಅಲ್ಲಿ ಆರ್ಕೆಸ್ಟ್ರಾ ಕೂರುವ ಪಿಟ್ ಆಳದಲ್ಲಿದೆ, ವೇದಿಕೆಯ ಅಡಿಗೂ ಚಾಚಿದೆ, ಮೇಲೊಂದು ಮುಚ್ಚಳವಿದೆ. ಪ್ರೇಕ್ಷಕರಿಗೆ, ಕೈ ಆಡಿಸಿ ಎಲ್ಲರನ್ನೂ ನಡೆಸುವ ಕಂಡಕ್ಟರ್ ಕೂಡ ಕಾಣುವುದಿಲ್ಲ. ಸಂಗೀತ ಎಲ್ಲಿಂದ ಬರುತ್ತಿದೆ ಅಂತಲೇ ಗೊತ್ತಾಗಬಾರದು ಎನ್ನುವುದು ಅವನ ಆಸೆ. ಕನ್ಸರ್ಟ್ ಹಾಲಿನಲ್ಲಿ ಒಪೆರಾ ಮಾಡುವುದು ಅಂದರೆ ಈ ಆಸೆಯನ್ನು ತಲೆಕೆಳಗು ಮಾಡುವುದು. ಗುಂಡಿಯಲ್ಲಿದ್ದವರು ಮೇಲೆ ಬರುತ್ತಾರೆ. ಸೆಟ್, ಪರದೆ, ವೇಷ ಹೊರಗೆ ಹೋಗುತ್ತವೆ. ಹಾಡುವವರು ಸೂಟು, ಗೌನು ಹಾಕಿಕೊಂಡು ವಾದ್ಯಗಳ ಮುಂದೆ ಸಾಲಾಗಿ ನಿಲ್ಲುತ್ತಾರೆ.

ಈಚಿನ ವರ್ಷಗಳಲ್ಲಿ ಇಂಥ ಪ್ರದರ್ಶನಗಳ ಮಾತು ಜೋರಾಗಿದೆ. ಕಾರಣ ಕಲೆ ಮಾತ್ರ ಅಲ್ಲ, ದುಡ್ಡೂ ಹೌದು. ಒಪೆರಾ ಕಂಪನಿಗಳ ಅನುದಾನ ಕಡಿತವಾಗುತ್ತಿರುವ ಹೊತ್ತಿನಲ್ಲಿ, 'ಸೆಟ್ ಇಲ್ಲದೆಯೂ ಚೆನ್ನಾಗಿಯೇ ಆಗುತ್ತಲ್ಲ, ಹಾಗೇ ಮಾಡಿ' ಎನ್ನುವುದು ಸುಲಭದ ಸಲಹೆ. ಚೆನ್ನಾಗಿ ಆಗುತ್ತದೆ ಅನ್ನುವುದು ನಿಜ. ಆದರೆ ಯಾಕೆ ಚೆನ್ನಾಗಿ ಆಗುತ್ತದೆ ಅಂತ ನೋಡುತ್ತಾ ಹೋದರೆ ಆ ಸಲಹೆಯ ಬುಡವೇ ಅಲ್ಲಾಡುತ್ತದೆ.

ಅಡ್ಡಿಯಿಂದ ಹುಟ್ಟಿದ್ದು

ಇದು ಇವತ್ತಿನ ಬಡತನದ ಉಪಾಯ ಅಂದುಕೊಂಡರೆ ತಪ್ಪು. ಮೊದಲು ಇದಕ್ಕೆ ದಾರಿಯಾಗಿದ್ದು ನಿಷೇಧ.

1732ರಲ್ಲಿ ಲಂಡನ್ನಿನಲ್ಲಿ ಸಂಗೀತಗಾರ ಹ್ಯಾಂಡೆಲ್ 'ಎಸ್ತರ್' ಮಾಡಲು ಹೊರಟಾಗ ಬೈಬಲಿನ ಕಥೆಯನ್ನು ರಂಗದ ಮೇಲೆ ಅಭಿನಯಿಸಲು ಚರ್ಚಿನಿಂದ ಆಕ್ಷೇಪ ಬಂತು. ಸರಿ, ಅಭಿನಯವೇ ಇರುವುದಿಲ್ಲ ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟೇ ಕಾರ್ಯಕ್ರಮ ನಡೆಸಿದರು. ನಾಟಕದ ಹಾಲಿನಲ್ಲೇ, ಒಪೆರಾ ಹಾಡುವವರೇ, ಸುಮ್ಮನೆ ನಿಂತು ಹಾಡಿದರು. ಓರೆಟೋರಿಯೊ, ಅಂದರೆ ಅಭಿನಯವಿಲ್ಲದೆ ಹಾಡುವ ಧಾರ್ಮಿಕ ಕಥೆ, ಇಂಗ್ಲಿಷಿನಲ್ಲಿ ಬೆಳೆದದ್ದು ಈ ದಾರಿಯಲ್ಲಿ.

ಇಂಥದ್ದೇ ನಿಷೇಧ ಫ್ರೆಂಚ್ ಸಂಗೀತಗಾರ ಸ್ಯಾಂ-ಸಾನ್ಸ್‌ನ 'ಸ್ಯಾಮ್ಸನ್ ಮತ್ತು ದಲೀಲಾ'ಕ್ಕೂ ಅಡ್ಡ ಬಂತು. ಬೈಬಲಿನ ಪಾತ್ರಗಳು ಬ್ರಿಟಿಷ್ ರಂಗದ ಮೇಲೆ ಬರುವ ಹಾಗಿರಲಿಲ್ಲ. ಹಾಗಾಗಿ 1893ರಲ್ಲಿ ಕೋವೆಂಟ್ ಗಾರ್ಡನ್ ಒಪೆರಾ ಹೌಸಿನಲ್ಲೇ ಅದನ್ನು ಕನ್ಸರ್ಟ್ ರೂಪದಲ್ಲಿ ಹಾಡಿದರು. ವೇಷ ಹಾಕಿ ಆಡಲು 1909ರವರೆಗೆ ಕಾಯಬೇಕಾಯಿತು. ಸ್ಯಾಮ್ಸನ್ ಕಂಬ ಬೀಳಿಸುವುದು ಅಪರಾಧ, ಅವನು ಕಂಬ ಬೀಳಿಸಿದ ಅಂತ ಹಾಡುವುದು ಅಪರಾಧವಲ್ಲ!

'ಪಾರ್ಸಿಫಾಲ್' ಕಥೆ ಇನ್ನೂ ವಿಚಿತ್ರ. ಅದು ಬೈರಾಯ್ಟ್ ಬಿಟ್ಟು ಬೇರೆಲ್ಲೂ ನಡೆಯಕೂಡದು ಎಂದು ವಾಗ್ನರ್ ಬಯಸಿದ್ದ. ಅವನು ತೀರಿಕೊಂಡ ಮೇಲೆ ಮನೆಯವರು ಅದನ್ನು ಬಿಗಿಯಾಗಿ ಕಾಪಾಡಿಕೊಂಡರು. ಆದರೆ ಒಪೆರಾ ಮೊದಲು ನಡೆದ ಎರಡೇ ವರ್ಷಕ್ಕೆ, 1884ರಲ್ಲಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅದರ ಕನ್ಸರ್ಟ್ ನಡೆದೇಹೋಯಿತು. ಒಬ್ಬ ಸಂಗೀತಗಾರ ತನ್ನ ಕೃತಿಯನ್ನು ಒಂದೇ ರಂಗಮಂದಿರಕ್ಕೆ ಕಟ್ಟಿಹಾಕಿದರೂ ಸಂಗೀತ ಕಿಟಕಿಯಿಂದ ಆಚೆ ಹೋಗಿತ್ತು.

ಹಾಲು ಬದಲಾದರೆ ಕಿವಿಯೂ ಬದಲಾಗಬೇಕು

ಒಪೆರಾ ಹೌಸಿನಿಂದ ಕನ್ಸರ್ಟ್ ಹಾಲಿಗೆ ಬಂದಾಗ ಆಗುವ ದೊಡ್ಡ ಬದಲಾವಣೆ ಕಣ್ಣಿಗಲ್ಲ, ಕಿವಿಗೆ. ಒಂದು ಸಲ ಚಪ್ಪಾಳೆ ತಟ್ಟಿ. ಸದ್ದು ಪೂರ್ತಿ ಆರಿಹೋಗಲು ಎಷ್ಟು ಹೊತ್ತು? ಜನ ತುಂಬಿದ ಮಿಲಾನ್‌ನ ಲಾ ಸ್ಕಾಲಾ ಒಪೆರಾ ಹೌಸಿನಲ್ಲಿ ಸುಮಾರು 1.2 ಸೆಕೆಂಡ್. ವಿಯೆನ್ನಾದ ಮ್ಯೂಸಿಕ್‌ಫೆರಾಯ್ನ್ ಕನ್ಸರ್ಟ್ ಹಾಲಿನಲ್ಲಿ ಸುಮಾರು 2 ಸೆಕೆಂಡ್. ಕೇಳಲು ಸಣ್ಣ ವ್ಯತ್ಯಾಸ. ಆದರೆ ಒಪೆರಾ ಹೌಸ್ ಕಟ್ಟುವವರು ಬೇಕಂತಲೇ ಸದ್ದು ಬೇಗ ಆರುವ ಹಾಗೆ ನೋಡಿಕೊಳ್ಳುತ್ತಾರೆ. ಮಾತು ಬಿಡಿಬಿಡಿಯಾಗಿ ಕೇಳಿಸಬೇಕಲ್ಲ. ಕನ್ಸರ್ಟ್ ಹಾಲಿನಲ್ಲಿ ಸ್ವರದ ಮೇಲೆ ಸ್ವರ ತುಸು ಹೊತ್ತು ಕೂತಿರಬೇಕು, ಪಿಟೀಲುಗಳ ಸದ್ದಿಗೆ ಮೈ ಬರಬೇಕು. ಮೋಟ್ಸಾರ್ಟ್‌ನ ಒಪೆರಾದಲ್ಲಿ ಆರು ಮಂದಿ ಒಟ್ಟಿಗೆ ಬೇರೆಬೇರೆ ಮಾತು ಹಾಡುವ ಜಾಗದಲ್ಲಿ ಈ ಹೆಚ್ಚುವರಿ ಮುಕ್ಕಾಲು ಸೆಕೆಂಡ್ ಎಲ್ಲವನ್ನೂ ಕಲಸಿ ಮುದ್ದೆ ಮಾಡಿಬಿಡಬಹುದು.

ಆಲ್ಬರ್ಟ್ ಹಾಲ್ ಅಂತೂ 1871ರಿಂದಲೇ ಈ ವಿಷಯಕ್ಕೆ ಹೆಸರುವಾಸಿ. ಗುಮ್ಮಟದಿಂದ ಪ್ರತಿಧ್ವನಿ ವಾಪಸ್ ಬರುತ್ತಿತ್ತು. ಇಲ್ಲಿ ಒಂದು ಟಿಕೆಟ್ಟಿಗೆ ಎರಡು ಸಲ ಸಂಗೀತ ಕೇಳಬಹುದು ಅಂತ ಹಳೇ ತಮಾಷೆ ಇದೆ. 1969ರಲ್ಲಿ ಫೈಬರ್‌ಗ್ಲಾಸಿನ ದೊಡ್ಡ ತಟ್ಟೆಗಳನ್ನು ಚಾವಣಿಯಿಂದ ಇಳಿಬಿಟ್ಟ ಮೇಲೆ ಕಾಟ ಕಡಿಮೆಯಾಯಿತು. ಜನ ಅವನ್ನು ಅಣಬೆ ಅಂತ ಕರೆಯುತ್ತಾರೆ. ಕೆಳಗೆ ನಿಂತು ನೋಡಿದರೆ ಅಣಬೆಯ ಹಾಗೇ ಇವೆ.

ಇನ್ನೊಂದು ಸಮಸ್ಯೆ ಇದಕ್ಕಿಂತ ಗಂಭೀರ. ಪಿಟ್‌ನಲ್ಲಿ ಕೂತ ಆರ್ಕೆಸ್ಟ್ರಾದ ಸದ್ದನ್ನು ಪಿಟ್‌ನ ಗೋಡೆಯೇ ಸ್ವಲ್ಪ ನುಂಗುತ್ತದೆ. ಅದೇ ಆರ್ಕೆಸ್ಟ್ರಾ ವೇದಿಕೆಯ ಮೇಲೆ ಬಂದರೆ ಹಾಡುವವರ ಬೆನ್ನಿಗೇ 100 ಮಂದಿ. ಮೈಕ್ ಇಲ್ಲ. ಆದರೂ ಒಂದು ಗಂಟಲು ಅಷ್ಟು ಜನರನ್ನು ದಾಟಿ ಕೊನೆಯ ಸಾಲಿಗೆ ಹೇಗೆ ಮುಟ್ಟುತ್ತದೆ?

ಇದಕ್ಕೆ ಉತ್ತರ ಹುಡುಕಿದವರಲ್ಲಿ ಮುಖ್ಯರು ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್. ಆರ್ಕೆಸ್ಟ್ರಾದ ಬಲವೆಲ್ಲ ಹೆಚ್ಚಾಗಿ 500 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಮೇಲೆ ಹೋದ ಹಾಗೆ ಅದು ಇಳಿಯುತ್ತದೆ. ಪಳಗಿದ ಒಪೆರಾ ಗಾಯಕರು ಗಂಟಲಿನ ಆಕಾರ ಬದಲಿಸಿ 3,000 ಹರ್ಟ್ಸ್ ಹತ್ತಿರ ತಮ್ಮ ಶಕ್ತಿಯನ್ನು ಗುಡ್ಡೆ ಹಾಕುತ್ತಾರೆ. ಅಲ್ಲಿ ಆರ್ಕೆಸ್ಟ್ರಾ ಬಡವಾಗಿರುತ್ತದೆ. ಸಂತೆಯ ಗದ್ದಲದಲ್ಲಿ ಬಳೆ ಸದ್ದು ಬೇರೆಯಾಗಿ ಕೇಳುವುದಿಲ್ಲವೇ, ಹಾಗೆ. ಗಂಡಸರ ದನಿಯಲ್ಲಿ ಈ ಉಪಾಯ ಚೆನ್ನಾಗಿ ಕಾಣುತ್ತದೆ. ತೀರಾ ಮೇಲಿನ ಸ್ವರ ಹಾಡುವ ಸೊಪ್ರಾನೊಗಳಿಗೆ ಇದರ ಅಗತ್ಯ ಕಡಿಮೆ, ಅವರ ಸ್ವರವೇ ಆರ್ಕೆಸ್ಟ್ರಾದ ಬಲ ಇರುವ ಜಾಗಕ್ಕಿಂತ ಮೇಲೆ ಹಾರುತ್ತಿರುತ್ತದೆ.

ಆದರೆ ಇಂಥ ಮೇಲಿನ ಕಂಪನಗಳಿಗೆ ಒಂದು ಗುಣವಿದೆ. ಬಾಯಿ ಎತ್ತ ತಿರುಗಿದೆಯೋ ಅತ್ತಲೇ ಹೋಗುತ್ತವೆ. 1963ರಲ್ಲಿ ಶುರುವಾದ ಬರ್ಲಿನ್ ಫಿಲ್ಹಾರ್ಮೋನಿ ಹಾಲಿನಲ್ಲಿ ವೇದಿಕೆಯ ಸುತ್ತಲೂ ಪ್ರೇಕ್ಷಕರು, ಹಿಂದುಗಡೆಯೂ. ಲಾಸ್ ಏಂಜಲೀಸ್‌ನ ಡಿಸ್ನಿ ಹಾಲ್ ಕೂಡ ಹೀಗೆಯೇ. ಸಿಂಫನಿ ಕೇಳಲು ಹಿಂದಿನ ಸೀಟು ಮಜವಾಗಿರುತ್ತದೆ, ಕಂಡಕ್ಟರ್ ಮುಖ ಕಾಣುತ್ತದೆ. ಒಪೆರಾ ದಿನ ಅಲ್ಲಿ ಕೂತವರಿಗೆ ಗಾಯಕಿಯ ಬೆನ್ನು ಸಿಗುತ್ತದೆ, ಹಾಡಿನ ಹೊಳಪು ಎದುರುಗಡೆಯವರ ಪಾಲು. ಆ ಸೀಟು ಅಗ್ಗ ಅಂತ ಖುಷಿಪಡುವ ಮುನ್ನ ಇದು ನೆನಪಿರಲಿ.

ಗಾಯಕರನ್ನು ಎಲ್ಲಿ ನಿಲ್ಲಿಸುವುದು ಅನ್ನುವುದೂ ತಲೆನೋವೇ. ಮುಂದೆ ನಿಲ್ಲಿಸಿದರೆ ಕಂಡಕ್ಟರ್ ಅವರ ಬೆನ್ನ ಹಿಂದೆ ಬೀಳುತ್ತಾನೆ. ಅವನ ಕೈ ನೋಡಲು ಪ್ರೇಕ್ಷಕರ ಕಡೆ ಸಣ್ಣ ಟಿವಿ ಪರದೆಗಳನ್ನು ಇಡಬೇಕು. ಗಾಯಕಿ ಪ್ರೀತಿಯ ಮಾತು ಹಾಡುತ್ತಾ ನಿಮ್ಮನ್ನೇ ನೋಡುತ್ತಿದ್ದಾಳೆ ಅನ್ನಿಸಿದರೆ ಉಬ್ಬಬೇಡಿ, ಅವಳು ನೋಡುತ್ತಿರುವುದು ಬಹುಶಃ ನಿಮ್ಮ ಕಾಲ ಬಳಿಯ ಟಿವಿಯನ್ನು. ಹಿಂದೆ ಎತ್ತರದಲ್ಲಿ ನಿಲ್ಲಿಸಿದರೆ ಕಂಡಕ್ಟರ್ ಕಾಣುತ್ತಾನೆ, ಆದರೆ ನಡುವೆ ತುತ್ತೂರಿಗಳ ಗೋಡೆ. ಎರಡರಲ್ಲಿ ಒಂದು ಕಷ್ಟ ಆರಿಸಿಕೊಳ್ಳಬೇಕು.

ತಾಳಮದ್ದಳೆ ಗೊತ್ತಿದ್ದವರಿಗೆ

ಕರಾವಳಿ, ಮಲೆನಾಡಿನ ಓದುಗರಿಗೆ ಇಷ್ಟು ಹೊತ್ತಿಗೆ ತಾಳಮದ್ದಳೆ ನೆನಪಾಗಿರುತ್ತದೆ. ಅದೇ ಪ್ರಸಂಗ, ಅದೇ ಭಾಗವತರು, ಅದೇ ಚೆಂಡೆ ಮದ್ದಳೆ. ಬಣ್ಣ ಇಲ್ಲ, ಕಿರೀಟ ಇಲ್ಲ, ಕುಣಿತ ಇಲ್ಲ. ಶಾಲು ಹೊದ್ದ ಅರ್ಥಧಾರಿ ಕೂತಲ್ಲೇ ಕೌರವನಾಗುತ್ತಾನೆ. ಯಾರೂ ಅದನ್ನು ಅರ್ಧ ಯಕ್ಷಗಾನ ಅಂತ ಕರೆಯುವುದಿಲ್ಲ. ಕುಣಿತ ಬಿಟ್ಟುಹೋದ ಜಾಗವನ್ನು ಅಲ್ಲಿ ಮಾತು ತುಂಬಿಕೊಂಡಿತು, ತುಂಬಿಕೊಂಡು ಬೇರೆಯೇ ಕಲೆಯಾಯಿತು.

ಕನ್ಸರ್ಟ್ ಒಪೆರಾದಲ್ಲಿ ಆ ಜಾಗ ತುಂಬುವುದು ಆರ್ಕೆಸ್ಟ್ರಾ. ಹಾಗಾಗಿ ಆರ್ಕೆಸ್ಟ್ರಾವೇ ಕಥೆ ಹೇಳುವ ಒಪೆರಾಗಳು ಇಲ್ಲಿ ಗೆಲ್ಲುತ್ತವೆ. ಬಾರ್ಟೋಕ್‌ನ 'ಬ್ಲೂಬಿಯರ್ಡ್ಸ್ ಕ್ಯಾಸಲ್' ನೋಡಿ. 1918ರಲ್ಲಿ ಬುಡಾಪೆಸ್ಟ್‌ನಲ್ಲಿ ಮೊದಲು ನಡೆದದ್ದು. ಒಂದು ಗಂಟೆಯ ಕೃತಿ, ಹಾಡುವವರು ಇಬ್ಬರೇ, ಗಂಡ ಮತ್ತು ಹೊಸ ಹೆಂಡತಿ. ಕತ್ತಲ ಕೋಟೆಯಲ್ಲಿ ಏಳು ಬಾಗಿಲು. ಐದನೆಯ ಬಾಗಿಲು ತೆರೆದಾಗ ಅವನ ಇಡೀ ರಾಜ್ಯ ಕಾಣಬೇಕು. ಯಾವ ಸೆಟ್ ತಾನೇ ಅದನ್ನು ತೋರಿಸೀತು? ಬಾರ್ಟೋಕ್ ಅಲ್ಲಿ ಇಡೀ ಆರ್ಕೆಸ್ಟ್ರಾಕ್ಕೆ ಸಿ-ಮೇಜರ್‌ನಲ್ಲಿ ಗರ್ಜಿಸಲು ಹೇಳಿದ್ದಾನೆ, ಜೊತೆಗೆ ಪೈಪ್ ಆರ್ಗನ್. ದೊಡ್ಡ ಕನ್ಸರ್ಟ್ ಹಾಲುಗಳಲ್ಲಿ ನಿಜವಾದ ಆರ್ಗನ್ ಗೋಡೆಗೇ ಇರುತ್ತದೆ. ಆ ಕ್ಷಣ ಕುರ್ಚಿ ನಡುಗುತ್ತದೆ. ಆ ಸದ್ದಿನ ನಡುವೆ ಹೆಂಡತಿಯ ಉತ್ತರ ವಾದ್ಯವೇ ಇಲ್ಲದ, ಒಣಗಿದ ನಾಲ್ಕು ಮಾತು. ಆ ಹೆಣ್ಣುಮಗಳು ಬರೀ ಕಪ್ಪು ಗೌನಿನಲ್ಲಿ ನಿಂತಿದ್ದಾಳೆ ಅನ್ನುವುದು ಯಾರಿಗೂ ಕೊರತೆ ಅನ್ನಿಸುವುದಿಲ್ಲ.

ಸೋಲುವುದು ಹಾಸ್ಯ. 'ಫಿಗಾರೊ ಮದುವೆ'ಯ ಮೊದಲ ಅಂಕದಲ್ಲಿ ಒಂದು ಕುರ್ಚಿ ಇದೆ. ಹುಡುಗ ಅದರ ಹಿಂದೆ ಅಡಗುತ್ತಾನೆ. ಜಮೀನ್ದಾರ ಬರುತ್ತಾನೆ, ಇನ್ನೊಬ್ಬರ ಸದ್ದು ಕೇಳಿ ಅವನೂ ಅದೇ ಕುರ್ಚಿಯ ಹಿಂದೆ ಹೋಗುತ್ತಾನೆ. ಹುಡುಗ ಸುತ್ತಿ ಬಂದು ಕುರ್ಚಿಯ ಮೇಲೇ ಮುದುಡಿ ಬಟ್ಟೆ ಹೊದ್ದುಕೊಳ್ಳುತ್ತಾನೆ. ಇದನ್ನು ನೋಟೇಷನ್ ಸ್ಟ್ಯಾಂಡ್ ಮುಂದೆ ನಿಂತು ಹಾಡಿದರೆ ಜೋಕು ವಿವರಿಸಿದ ಹಾಗೆ. ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್ ಒಪೆರಾ ಹಬ್ಬದವರಿಗೆ ಇದು ಗೊತ್ತು. 1961ರಲ್ಲಿ 'ಡಾನ್ ಜೊವಾನಿ'ಯಿಂದ ಶುರು ಮಾಡಿ ಅವರು ಆಲ್ಬರ್ಟ್ ಹಾಲಿನ ಬೇಸಿಗೆ ಸಂಗೀತ ಹಬ್ಬ ಬಿಬಿಸಿ ಪ್ರಾಮ್ಸ್‌ಗೆ ತಮ್ಮ ಒಪೆರಾಗಳನ್ನು ತರುತ್ತಾ ಬಂದಿದ್ದಾರೆ. ಸೆಟ್ ಬಿಟ್ಟು ಬರುತ್ತಾರೆ, ನಟನೆ ಬಿಟ್ಟು ಬರುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಅರೆಬರೆ. ಒಬ್ಬ ಪಾತ್ರವನ್ನು ಬಾಯಿಪಾಠ ಮಾಡಿಕೊಂಡು ಕಣ್ಣಲ್ಲಿ ಕಣ್ಣಿಟ್ಟು ಹಾಡುತ್ತಾನೆ. ಎದುರಿಗಿರುವವಳು ಪುಸ್ತಕದಲ್ಲಿ ಮುಖ ಹುದುಗಿಸಿ ಹಾಳೆ ತಿರುವುತ್ತಿರುತ್ತಾಳೆ. ನಾಯಕ ಸತ್ತ, ಸತ್ತವನು ಹೋಗಿ ಕುರ್ಚಿಯಲ್ಲಿ ಕೂತು ಬಾಟಲಿ ತೆಗೆದು ನೀರು ಕುಡಿದ. ನಗದೆ ಇರುವುದು ಹೇಗೆ? ಪೋಸ್ಟರಿನಲ್ಲಿ 'ಅರೆ-ರಂಗ ಪ್ರಯೋಗ' ಎಂದು ಹಾಕಿ ಪೂರ್ತಿ ದರ ವಸೂಲು ಮಾಡುವವರು ಇವೆರಡರಲ್ಲಿ ಏನು ಸಿಗುತ್ತದೆ ಅಂತ ಮೊದಲೇ ಹೇಳಬೇಕು. ಹೆಚ್ಚಿನವರು ಹೇಳುವುದಿಲ್ಲ.

ಯಾರೂ ಆಡದ ಒಪೆರಾಗಳು

ಸೆಟ್ ಇಲ್ಲದಿದ್ದರೆ ಧೈರ್ಯ ಬರುತ್ತದೆ. ಪೂರ್ಣ ರಂಗ ಪ್ರಯೋಗಕ್ಕೆ ವಾರಗಟ್ಟಲೆ ತಾಲೀಮು, ಬಡಗಿಗಳು, ದರ್ಜಿಗಳು, ಬೆಳಕಿನವರು ಬೇಕು. ಹೆಸರೇ ಕೇಳದ ಒಪೆರಾಕ್ಕೆ ಅಷ್ಟು ಸುರಿಯಲು ಯಾವ ಮ್ಯಾನೇಜರಿಗೂ ಕೈ ಬರುವುದಿಲ್ಲ. ಕನ್ಸರ್ಟ್ ಆದರೆ ಕೆಲವು ದಿನದ ತಾಲೀಮು, ಒಂದೆರಡು ರಾತ್ರಿ.

ನ್ಯೂಯಾರ್ಕಿನ ಅಮೆರಿಕನ್ ಒಪೆರಾ ಸೊಸೈಟಿ ಇದನ್ನೇ ಮಾಡುತ್ತಿತ್ತು. 1959ರ ಜನವರಿಯಲ್ಲಿ ಹೆಸರಾಂತ ಗಾಯಕಿ ಮರಿಯಾ ಕಾಲಸ್ ಕಾರ್ನೆಗಿ ಹಾಲಿನಲ್ಲಿ ಬೆಲ್ಲಿನಿಯ 'ಇಲ್ ಪಿರಾಟಾ' ಹಾಡಿದ್ದು ಇವರಿಗಾಗಿ. 1965ರ ಏಪ್ರಿಲ್ 20ರಂದು ಅದೇ ಹಾಲಿನಲ್ಲಿ ಡೊನಿಜೆಟ್ಟಿಯ 'ಲುಕ್ರೆಜಿಯಾ ಬೋರ್ಜಿಯಾ' ಇತ್ತು. ಹಾಡಬೇಕಿದ್ದ ಮೆರಿಲಿನ್ ಹಾರ್ನ್ ಬಸುರಿಯಾಗಿದ್ದರಿಂದ ಹಿಂದೆ ಸರಿದರು. ಬದಲಿಗೆ ಬಂದವರು ಸ್ಪೇನಿನ ಒಬ್ಬ ಸೊಪ್ರಾನೊ. ಯೂರೋಪಿನ ಸಣ್ಣ ಒಪೆರಾ ಹೌಸುಗಳಲ್ಲಿ ವರ್ಷಗಟ್ಟಲೆ ಹಾಡಿದ್ದರೂ ನ್ಯೂಯಾರ್ಕಿನಲ್ಲಿ ಅವರ ಗುರುತಿರಲಿಲ್ಲ. ಹೆಸರು ಮೊಂಟ್ಸೆರಾಟ್ ಕಬಾಯೆ. ವೇಷ ಇಲ್ಲ, ಬೆಳಕಿನ ಆಟ ಇಲ್ಲ, ಮುಚ್ಚಿಕೊಳ್ಳಲು ಏನೂ ಇಲ್ಲ. ಆ ರಾತ್ರಿಯ ಚಪ್ಪಾಳೆ 25 ನಿಮಿಷ ನಡೆಯಿತು ಎಂದು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಮರುದಿನದಿಂದ ಅವರು ಬೇರೆಯೇ ದರ್ಜೆಯ ಗಾಯಕಿ. ಇಂಥ ಬಾಗಿಲು ದೊಡ್ಡ ಒಪೆರಾ ಹೌಸಿನಲ್ಲಿ ಅಷ್ಟು ಸುಲಭಕ್ಕೆ ತೆರೆಯುತ್ತಿರಲಿಲ್ಲ.

ರೆಕಾರ್ಡಿಂಗಿನ ಲೆಕ್ಕವೂ ಇಲ್ಲಿ ಸೇರುತ್ತದೆ. ಡೆಕ್ಕಾ ಕಂಪನಿ 1958ರಿಂದ 1965ರವರೆಗೆ ವಿಯೆನ್ನಾದಲ್ಲಿ ವಾಗ್ನರನ ನಾಲ್ಕು ಒಪೆರಾಗಳ 'ರಿಂಗ್' ಸರಣಿಯನ್ನು ('ದಾಸ್ ರೈನ್‌ಗೋಲ್ಡ್' ಅದರಲ್ಲಿ ಮೊದಲನೆಯದು) ಸ್ಟುಡಿಯೊದಲ್ಲಿ ಕೂರಿಸಿ ಧ್ವನಿಮುದ್ರಿಸಿತು. ಅಂಥ ಖರ್ಚು ಈಗ ಯಾರಿಗೂ ಆಗುವುದಿಲ್ಲ. ಈಗ ಕನ್ಸರ್ಟ್ ಹಾಲಿನಲ್ಲಿ ಹೇಗೂ ನಡೆಯುವುದನ್ನೇ ಮುದ್ರಿಸಿಕೊಳ್ಳುತ್ತಾರೆ. 2000ದ ಡಿಸೆಂಬರಿನಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಬಾರ್ಬಿಕನ್ ಹಾಲಿನಲ್ಲಿ ನುಡಿಸಿದ ಬರ್ಲಿಯೋಜ್‌ನ 'ಲೆ ತ್ರುವಾಯಾ' ಹೀಗೆ ಹೊರಬಂದು ಗ್ರ್ಯಾಮಿ ಗೆದ್ದಿತು. ಕಂಡಕ್ಟರ್ ಕಾಲಿನ್ ಡೇವಿಸ್. ಅವರು ಕೋಲು ಹಿಡಿದು ಕಲಿತದ್ದೇ 1950ರಲ್ಲಿ ಚೆಲ್ಸಿ ಒಪೆರಾ ಗ್ರೂಪ್ ಎಂಬ ಉತ್ಸಾಹಿಗಳ ತಂಡದ ಕನ್ಸರ್ಟ್ ಒಪೆರಾಗಳಲ್ಲಿ. ಹಾಂಗ್‌ಕಾಂಗ್ ಫಿಲ್ಹಾರ್ಮೋನಿಕ್ 2015ರಿಂದ 2018ರವರೆಗೆ ವರ್ಷಕ್ಕೊಂದರಂತೆ ಇಡೀ 'ರಿಂಗ್' ಅನ್ನು ತನ್ನ ಕನ್ಸರ್ಟ್ ಹಾಲಿನಲ್ಲಿ ಮಾಡಿ ಸೀಡಿ ತಂದಿತು. ಮರುವರ್ಷ 'ಗ್ರಾಮಫೋನ್' ಪತ್ರಿಕೆಯ ವರ್ಷದ ಆರ್ಕೆಸ್ಟ್ರಾ ಪ್ರಶಸ್ತಿ ಅವರಿಗೆ ಬಂತು.

ಇಲ್ಲೊಂದು ಮೈಸೂರಿನ ಕಥೆ ಹೇಳದೆ ಮುಂದೆ ಹೋಗಲಾರೆ. 1950ರ ಮೇ 22, ಆಲ್ಬರ್ಟ್ ಹಾಲ್. ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವೆಂಗ್ಲರ್ ನಡೆಸಿದರು, ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ನುಡಿಸಿತು. ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಲೋಕಕ್ಕೆ ಕೇಳಿಸಿದ್ದು ಅಂದು. ಅದೇ ಸಂಜೆ ವಾಗ್ನರನ ಒಪೆರಾ ಭಾಗಗಳೂ ಇದ್ದವು. 'ರಿಂಗ್'ನ ಕೊನೆಯಲ್ಲಿ ಕಥಾನಾಯಕಿ ಬ್ರುನ್‌ಹಿಲ್ಡಾ ಕುದುರೆ ಸಮೇತ ಚಿತೆಗೆ ಹಾರುವ ದೃಶ್ಯವನ್ನು ಫ್ಲಾಗ್‌ಸ್ಟಾಡ್ ನಿಂತಲ್ಲೇ ಹಾಡಿದರು. ಈ ಕಾರ್ಯಕ್ರಮಕ್ಕೆ 4,800 ಡಾಲರ್ ಖಾತರಿ ಕೊಟ್ಟವರು ಜಯಚಾಮರಾಜ ಒಡೆಯರ್. ಅವರಿಗೆ ಲಂಡನ್ನಿಗೆ ಹೋಗಲಾಗಲಿಲ್ಲ. ಧ್ವನಿಮುದ್ರಿಸಿ ತಟ್ಟೆಗಳನ್ನು ಮೈಸೂರಿಗೆ ಕಳಿಸಿದರು. ಚಿತೆ ಇಲ್ಲದ, ಕುದುರೆ ಇಲ್ಲದ ಬ್ರುನ್‌ಹಿಲ್ಡಾ ನಮ್ಮ ಅರಮನೆಗೆ ಬಂದದ್ದು ಹಾಗೆ.

ಅಗ್ಗ ಅಂತ ಯಾರು ಹೇಳಿದ್ದು?

ಈಗ ದುಡ್ಡಿನ ಮಾತು. ಇಂಗ್ಲೆಂಡಿನ ಲೀಡ್ಸ್ ನಗರದ ಒಪೆರಾ ನಾರ್ತ್ ಕಂಪನಿಗೆ 'ರಿಂಗ್' ಮಾಡುವ ಆಸೆ ಇತ್ತು. ಅದಕ್ಕೆ ಎಂಟು ಹಾರ್ನ್, ಆರು ಹಾರ್ಪ್, ರಾಶಿ ಪಿಟೀಲು ಬೇಕು. ಅವರ ಗ್ರ್ಯಾಂಡ್ ಥಿಯೇಟರಿನ ಪಿಟ್‌ನಲ್ಲಿ ಅಷ್ಟು ಮಂದಿ ಹಿಡಿಸುವುದಿಲ್ಲ. ಹಾಗಾಗಿ 2011ರಿಂದ ವರ್ಷಕ್ಕೊಂದರಂತೆ 1858ರ ಹಳೇ ಟೌನ್ ಹಾಲಿನಲ್ಲಿ ಮಾಡಿದರು. ಆರ್ಕೆಸ್ಟ್ರಾದ ಮೇಲೆ ಮೂರು ದೊಡ್ಡ ಪರದೆ. ಅದರ ಮೇಲೆ ನೀರು, ಬೆಂಕಿ, ಮೋಡ, ಜೊತೆಗೆ ಮಾತಿನ ಅನುವಾದ. ಗಾಯಕರು ಪುಸ್ತಕವಿಲ್ಲದೆ ಹಾಡಿದರು. 2016ರಲ್ಲಿ ನಾಲ್ಕನ್ನೂ ಸೇರಿಸಿ ಬೇರೆ ಊರುಗಳಿಗೆ, ಲಂಡನ್ನಿಗೂ ಕೊಂಡೊಯ್ದರು. ನಾನು ಅದನ್ನು ನೋಡಿದ್ದು ಲ್ಯಾಪ್‌ಟಾಪಿನಲ್ಲಿ, ಇಯರ್‌ಫೋನ್ ಹಾಕಿಕೊಂಡು. ಮೇಲೆ ಹೇಳಿದ ಹಾರ್ನ್‌ಗಳ ಸಾಲು ಕಣ್ಣಿಗೆ ಕಟ್ಟಿದ್ದು ಆಗಲೇ.

ಅದೇ ವರ್ಷಗಳಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ತನ್ನ 'ರಿಂಗ್'ಗೆ ಸುಮಾರು 45 ಟನ್ ತೂಕದ, ತಿರುಗುವ ಹಲಗೆಗಳ ಯಂತ್ರವೊಂದನ್ನು ಕಟ್ಟಿತ್ತು. ಅದನ್ನು ಹೊರಲು ವೇದಿಕೆಯ ಕೆಳಗೆ ಉಕ್ಕು ಕೊಡಬೇಕಾಯಿತು. 2010ರ ಸೆಪ್ಟೆಂಬರಿನ ಮೊದಲ ರಾತ್ರಿ, ದೇವತೆಗಳು ಕಾಮನಬಿಲ್ಲಿನ ಸೇತುವೆ ಹತ್ತಿ ಸ್ವರ್ಗಕ್ಕೆ ಹೋಗಬೇಕಾದ ಹೊತ್ತಿಗೆ ಯಂತ್ರ ಕೈಕೊಟ್ಟಿತು. ದೇವತೆಗಳು ಪಕ್ಕದಿಂದ ಹೊರಟುಹೋದರು. ಲೀಡ್ಸ್‌ನ ದೇವತೆಗಳಿಗೆ ಈ ಕಷ್ಟ ಇರಲಿಲ್ಲ.

ಇಷ್ಟು ಕೇಳಿದರೆ ಯಾವ ಹಣಕಾಸು ಅಧಿಕಾರಿಗೂ ಖುಷಿಯಾಗುತ್ತದೆ. ಆದರೆ ಕನ್ಸರ್ಟ್ ಹಾಲ್ ಅಂದರೆ ಅಗ್ಗ ಅಂತೇನೂ ಇಲ್ಲ. ಲಾಸ್ ಏಂಜಲೀಸ್ ಫಿಲ್ಹಾರ್ಮೋನಿಕ್ 2012ರಿಂದ 2014ರವರೆಗೆ ಮೋಟ್ಸಾರ್ಟ್‌ನ ಮೂರು ಒಪೆರಾಗಳನ್ನು ಡಿಸ್ನಿ ಹಾಲಿನಲ್ಲಿ ಮಾಡಿದಾಗ ಸಜ್ಜಿಕೆ ಮಾಡಿಕೊಟ್ಟವರು ಫ್ರಾಂಕ್ ಗೆರಿ, ಜ್ಯಾಂ ನುವೆಲ್, ಝಹಾ ಹದಿದ್. ಜಗತ್ತಿನ ಅತಿ ದುಬಾರಿ ವಾಸ್ತುಶಿಲ್ಪಿಗಳ ಪಟ್ಟಿ ಮಾಡಿದರೆ ಮೂವರೂ ಬರುತ್ತಾರೆ.

ಅಗ್ಗವಾಗಿ ಕಾಣುವ ಕಡೆಯೂ ಖರ್ಚು ಹೋಗಿರುವುದಿಲ್ಲ, ಬೇರೆಲ್ಲೋ ಅಡಗಿರುತ್ತದೆ. ಒಪೆರಾ ನಾರ್ತ್‌ಗೆ ಸ್ವಂತ ಆರ್ಕೆಸ್ಟ್ರಾ ಇದೆ, ಸ್ವಂತ ಕೋರಸ್ ಇದೆ. ವರ್ಷವಿಡೀ ಪುಚ್ಚಿನಿ, ವೆರ್ಡಿ ನುಡಿಸುವ ಮಂದಿ. ಗಾಯಕಿ ಎಲ್ಲಿ ಉಸಿರೆಳೆಯುತ್ತಾಳೆ, ಎಲ್ಲಿ ಕಾಯಬೇಕು ಅನ್ನುವುದು ಅವರ ಕೈಗೆ ಗೊತ್ತು. ಈ ಅಭ್ಯಾಸ ಪಿಟ್‌ನಲ್ಲಿ ಕೂತು ಬರುವಂಥದ್ದು. ಸೂಟು ಹಾಕಿ ನಿಂತ ಗಾಯಕ ಒಂದೇ ಒಂದು ತಲೆ ತಿರುಗಿಸುವುದರಲ್ಲಿ ಇಡೀ ದ್ವೇಷ ತೋರಿಸುತ್ತಾನಲ್ಲ, ಅದು ಅವನಿಗೆ ಎಲ್ಲಿಂದ ಬಂತು? ವೇಷ ಹಾಕಿ, ಸೆಟ್‌ನ ಮೆಟ್ಟಿಲು ಹತ್ತಿ ಇಳಿದು, ನಿರ್ದೇಶಕರ ಜೊತೆ ಜಗಳವಾಡಿ ಅದೇ ಪಾತ್ರವನ್ನು ಹತ್ತಾರು ರಾತ್ರಿ ಆಡಿದ್ದರಿಂದ ಬಂತು. ತಾಳಮದ್ದಳೆಯ ಹೋಲಿಕೆ ಮುರಿಯುವುದು ಇಲ್ಲೇ. ಗೆಜ್ಜೆ ಕಟ್ಟದೆಯೇ ದೊಡ್ಡ ಅರ್ಥಧಾರಿಗಳಾದವರು ನಮ್ಮಲ್ಲಿದ್ದಾರೆ, ಯಾಕೆಂದರೆ ಆ ಕಲೆಗೆ ತನ್ನದೇ ಕಲಿಕೆಯ ದಾರಿ ಇದೆ. ಕನ್ಸರ್ಟ್ ಒಪೆರಾಕ್ಕೆ ಅಂಥ ಸ್ವಂತ ಗರಡಿ ಇಲ್ಲ. ಅದು ಒಪೆರಾ ಹೌಸಿನ ಗರಡಿಯಲ್ಲಿ ಪಳಗಿದವರನ್ನು ಎರವಲು ತರುತ್ತದೆ.

ಆ ಗರಡಿಗಳ ಸ್ಥಿತಿ ಈಗ ಹೇಗಿದೆ? 2022ರ ನವೆಂಬರಿನಲ್ಲಿ, ಕಲೆಗೆ ಸರ್ಕಾರದ ಹಣ ಹಂಚುವ ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್, ವರ್ಷಕ್ಕೆ 1.26 ಕೋಟಿ ಪೌಂಡ್ ಪಡೆಯುತ್ತಿದ್ದ ಇಂಗ್ಲಿಷ್ ನ್ಯಾಷನಲ್ ಒಪೆರಾವನ್ನು ತನ್ನ ಕಾಯಂ ಪಟ್ಟಿಯಿಂದ ತೆಗೆದುಹಾಕಿತು. ಲಂಡನ್ ಬಿಟ್ಟು ಬೇರೆ ಊರಿಗೆ ಹೋಗಿ ಅಂದಿತು. ಗಲಾಟೆಯಾಯಿತು, ತಾತ್ಕಾಲಿಕವಾಗಿ ಸ್ವಲ್ಪ ಹಣ ಬಂತು, ಕೊನೆಗೆ ಮ್ಯಾಂಚೆಸ್ಟರ್ ಅಂತ ತೀರ್ಮಾನವಾಯಿತು. ಆರ್ಕೆಸ್ಟ್ರಾ, ಕೋರಸ್‌ನವರನ್ನು ವರ್ಷವಿಡೀ ಇಟ್ಟುಕೊಳ್ಳುವ ಬದಲು ಕೆಲವು ತಿಂಗಳ ಲೆಕ್ಕಕ್ಕೆ ಇಳಿಸುವ ಪ್ರಸ್ತಾಪ ಬಂದಾಗ ಸಂಗೀತ ನಿರ್ದೇಶಕ ಮಾರ್ಟಿನ್ ಬ್ರಾಬಿನ್ಸ್ 2023ರ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟರು. ಅದೇ ಸುತ್ತಿನಲ್ಲಿ ವೆಲ್ಷ್ ನ್ಯಾಷನಲ್ ಒಪೆರಾಕ್ಕೆ ಕೌನ್ಸಿಲ್ ಕೊಡುತ್ತಿದ್ದ ಹಣವೂ ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. ಗ್ಲೈಂಡ್‌ಬೋರ್ನ್ ತನ್ನ ಊರೂರು ಸುತ್ತುವ ಪ್ರವಾಸ ನಿಲ್ಲಿಸಿತು. ಒಪೆರಾ ಕಾರ್ ಪಾರ್ಕಿನಲ್ಲಿ, ಪಬ್ಬಿನಲ್ಲಿ, ಟ್ಯಾಬ್ಲೆಟ್ಟಿನಲ್ಲಿ ನಡೆಯಬಹುದು ಎಂಬ ಅರ್ಥದ ಮಾತು ಕೌನ್ಸಿಲ್‌ನ ಮುಖ್ಯಸ್ಥರಿಂದಲೇ ಬಂತು. ನಡೆಯಬಹುದು, ಸರಿ. ಹಾಡುವವರನ್ನು ಕಾರ್ ಪಾರ್ಕ್ ತಯಾರು ಮಾಡುತ್ತದೆಯೇ?

ಕನ್ಸರ್ಟ್ ಒಪೆರಾದ ದೊಡ್ಡ ಗೆಲುವು ಅಂತ ಎಲ್ಲರೂ ಕೊಡುವ ಉದಾಹರಣೆ 2013ರ ಪ್ರಾಮ್ಸ್. ಜುಲೈ ಕೊನೆಯ ವಾರ, ಲಂಡನ್ನಿನಲ್ಲಿ ಸೆಕೆಯೋ ಸೆಕೆ. ಡೇನಿಯಲ್ ಬ್ಯಾರೆನ್‌ಬಾಯ್ಮ್ ನಾಲ್ಕು ರಾತ್ರಿ ಇಡೀ 'ರಿಂಗ್' ನಡೆಸಿದರು. ಒಂದೇ ಸೀಸನ್ನಿನಲ್ಲಿ ನಾಲ್ಕೂ ಆದದ್ದು ಪ್ರಾಮ್ಸ್‌ನಲ್ಲಿ ಅದೇ ಮೊದಲು. ಐದು ಪೌಂಡ್ ಕೊಟ್ಟು ನೆಲದ ಅಂಗಳಕ್ಕೆ ಬಂದ ನೂರಾರು ಜನ ಒಂದೊಂದು ರಾತ್ರಿ ಗಂಟೆಗಟ್ಟಲೆ ನಿಂತು ಕೇಳಿದರು. ಬ್ರುನ್‌ಹಿಲ್ಡಾ ಆಗಿ ನೀನಾ ಸ್ಟೆಮೆ ಇದ್ದರು. ಸೆಟ್ ಇಲ್ಲ, ಕುದುರೆ ಇಲ್ಲ, ಐದು ಪೌಂಡ್. ಇದಕ್ಕಿಂತ ಒಳ್ಳೆಯ ವಾದ ಯಾವುದು ಬೇಕು, ಅಲ್ವಾ?

ಆದರೆ ಅಲ್ಲಿ ನುಡಿಸಿದ್ದು ಬರ್ಲಿನ್ ಸ್ಟಾಟ್ಸ್‌ಕಪೆಲೆ. ಅದು ಬರ್ಲಿನ್ ಸ್ಟೇಟ್ ಒಪೆರಾದ ಪಿಟ್ ಆರ್ಕೆಸ್ಟ್ರಾ. ಅದೇ ವರ್ಷದ ವಸಂತದಲ್ಲಿ ಅವರು ಬರ್ಲಿನ್‌ನಲ್ಲಿ ಇದೇ 'ರಿಂಗ್' ಅನ್ನು ಪೂರ್ತಿ ಸೆಟ್, ವೇಷಗಳೊಂದಿಗೆ ಆಡಿ ಮುಗಿಸಿದ್ದರು. ಲಂಡನ್ನಿನವರ ಐದು ಪೌಂಡಿನ ರಾತ್ರಿಗೆ ಬರ್ಲಿನ್‌ನ ತೆರಿಗೆದಾರರು ಮೊದಲೇ ದುಡ್ಡು ಕಟ್ಟಿದ್ದರು.

2024ರ ಡಿಸೆಂಬರಿನಲ್ಲಿ ಬರ್ಲಿನ್ ನಗರ ತನ್ನ ಮುಂದಿನ ವರ್ಷದ ಸಂಸ್ಕೃತಿ ಬಜೆಟ್ಟಿನಿಂದ ಸುಮಾರು 13 ಕೋಟಿ ಯೂರೊ ಕತ್ತರಿಸಿತು.